ದೋಣಿಯಡಿಯ ಕಿವಿ

ಮಲ್ಪೆ ಬಂದರಿನ ಬೋಟುಗಳ ಕ್ಯಾಬಿನ್ನಿನಲ್ಲಿ ಮಿನುಗುವ ಫಿಶ್ ಫೈಂಡರ್ ಪರದೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಮೆಚ್ಚುಗೆ ಮಾತ್ರ ನೀರಿನಡಿ ಯಾರಿಗೂ ಕಾಣದೆ ದುಡಿಯುವ ಟ್ರಾನ್ಸ್‌ಡ್ಯೂಸರಿಗೆ. ಪರದೆ ಬರೀ ಕನ್ನಡಿ. ಕೂಗುವುದೂ ಕಿವಿಗೊಡುವುದೂ ಈ ಟ್ರಾನ್ಸ್‌ಡ್ಯೂಸರೇ.

ಇದರೊಳಗೊಂದು ಸೆರಾಮಿಕ್ ಬಿಲ್ಲೆ. ವಿದ್ಯುತ್ ಹರಿದರೆ ಅದು ಕಂಪಿಸಿ ಶಬ್ದ ಹೊರಡಿಸುತ್ತದೆ. ಮರುದನಿ ಬಂದು ತಾಗಿದರೆ ಅದನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 75 ಮೀಟರ್ ಆಳದ ತಳ ಮುಟ್ಟಿ ಮರಳಲು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು! ಅನೇಕ ಮೀನುಗಳ ಒಡಲಲ್ಲಿರುವ ಗಾಳಿಚೀಲವೇ ಅವುಗಳ ಗುಟ್ಟು ರಟ್ಟು ಮಾಡುತ್ತದೆ; ಗಾಳಿಗೆ ಬಡಿದ ಶಬ್ದ ಜೋರಾಗಿ ಹಿಂದಿರುಗುತ್ತದೆ.

ಟ್ರಾನ್ಸ್‌ಡ್ಯೂಸರಿನ ಆಯ್ಕೆಯಲ್ಲೇ ಜಾಣತನವಿರುವುದು. ಕರಾವಳಿಯ ಆಳವಿಲ್ಲದ ನೀರಿಗೆ 200 ಕಿಲೋಹರ್ಟ್ಸ್ ಆವರ್ತನದ ಶಬ್ದ ಒಳ್ಳೆಯದು. ಚಿತ್ರ ಸ್ಪಷ್ಟ, ಆದರೆ ದನಿ ಬೇಗ ಸೋಲುತ್ತದೆ. ಆಳಸಮುದ್ರಕ್ಕೆ 50 ಕಿಲೋಹರ್ಟ್ಸ್ ಬೇಕು. ದೂರ ಮುಟ್ಟುತ್ತದೆ, ಸೂಕ್ಷ್ಮ ಬಿಟ್ಟುಕೊಡುತ್ತದೆ. ಬೋಟಿನ ಮೈಯನ್ನೂ ನೋಡಬೇಕು. ಮರ ಶಬ್ದವನ್ನು ನುಂಗುತ್ತದೆ, ಹಾಗಾಗಿ ತಳ ಕೊರೆದೇ ಕೂರಿಸಬೇಕು. ನೆನೆದ ಮರ ಉಬ್ಬಿ ಪ್ಲಾಸ್ಟಿಕ್ ಕವಚ ಒಡೆಯಬಹುದು. ಅಲ್ಲಿಗೆ ಕಂಚಿನದೇ ಸರಿ. ಅದೇ ಕಂಚು ಅಲ್ಯೂಮಿನಿಯಂ ಬೋಟಿಗೆ ಶತ್ರು, ಉಪ್ಪುನೀರಿನಲ್ಲಿ ಲೋಹವನ್ನು ತಿಂದುಹಾಕುತ್ತದೆ. ಗಟ್ಟಿ ಫೈಬರ್ ತಳವಾದರೆ ಒಳಗಿನಿಂದಲೇ ಅಂಟಿಸಬಹುದು.

ಎಲ್ಲಿಟ್ಟರೂ ಪ್ರೊಪೆಲ್ಲರಿನ ನೊರೆಯಿಂದ ದೂರವಿಡಿ. ಪರದೆಗೆ ಸುರಿಯುವ ಹಣದಲ್ಲಿ ಒಂದಿಷ್ಟು ಈ ಕಿವಿಗೂ ಉಳಿಸಿ. ಕಿವುಡು ಬೋಟಿಗೆ ದೊಡ್ಡ ಪರದೆ ಇದ್ದೇನು ಫಲ?