ಗಡಿನಾಡಿನ ಕಿರುಕೌದಿಗಳು: ಒಂದು ವಿಮರ್ಶೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿವೆ. ಇಲ್ಲಿ ಕನ್ನಡಿಗರು ಕೌದಿಯೆಂದು ಕರೆಯುವುದನ್ನು ಮರಾಠಿಗರು ಗೋಧಡಿ ಅಥವಾ ವಾಕಳ ಎನ್ನುವರು. ಹೆಸರು ಬೇರೆಯಾದರೂ ವಸ್ತು ಒಂದೇ. ಈಚೆಗೆ ಇದೇ ಬಟ್ಟೆಯ ಚೂರುಗಳಿಂದ ಗೇಣಗಲದ ಕಿರುಕೌದಿಗಳನ್ನು ಹೊಲಿದು, ಕನ್ನಡಿ, ಮಣಿ, ಜರಿಗಳಿಂದ ಅಲಂಕರಿಸಿ, ಗೋಡೆಗೆ ತೂಗಹಾಕುವ ರೂಢಿಯು ಕಾಣಿಸಿಕೊಂಡಿದೆ. ಇವುಗಳ ಗುಣಾವಗುಣಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲಿಗೆ ಕೌದಿಯ ರಚನೆಯನ್ನು ನೆನೆಯಬೇಕು. ಹಳೆಯ ಸೀರೆ ಇಲ್ಲವೆ ಧೋತರವನ್ನು ನೆಲಕ್ಕೆ ಹಾಸಿ, ಅದರ ಮೇಲೆ ಸವೆದ ಬಟ್ಟೆಗಳ ಪದರುಗಳನ್ನಿಟ್ಟು, ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸಾಲು ಸಾಲಾಗಿ ಹೊಲಿಯುತ್ತಾರೆ. ಇಲ್ಲಿ ಹೊಲಿಗೆಯು ಪದರುಗಳನ್ನು ಹಿಡಿದಿಡುವ ಆಧಾರವೂ ಹೌದು, ಕಣ್ಣಿಗೆ ಕಾಣುವ ಚಿತ್ತಾರವೂ ಹೌದು. ಈ ಎರಡು ಕೆಲಸಗಳು ಬೇರ್ಪಡದಿರುವುದೇ ಕೌದಿಯ ಸೊಬಗಿನ ಮೂಲವೆಂದು ನಾವು ಭಾವಿಸುತ್ತೇವೆ.

ಚಿಕ್ಕದಾದ ಮಾತ್ರಕ್ಕೆ ಕೌದಿಯು ಕುಂದಿತೆಂದು ಹೇಳುವುದು ಸರಿಯಲ್ಲ. ತೊಟ್ಟಿಲ ಕೌದಿ, ಕೂಸಿನ ಕುಂಚಿಗೆ, ಎಲೆಯಡಿಕೆಯ ಸಂಚಿ ಇವೆಲ್ಲ ಚಿಕ್ಕವೇ. ಅಲಂಕಾರಕ್ಕೂ ಅವುಗಳಲ್ಲಿ ಸ್ಥಾನವುಂಟು. ರಾಯಬಾಗ ತಾಲೂಕಿನ ಒಂದು ಮನೆಯಲ್ಲಿ ನಾವು ಕಂಡ ತೊಟ್ಟಿಲ ಕೌದಿಯ ನಡುವೆ ಇಳಕಲ್ಲ ಸೀರೆಯ ಸೆರಗಿನ ಚೂರೂ ಮೂಲೆಗಳಲ್ಲಿ ಗುಳೇದಗುಡ್ಡದ ಖಣದ ತುಂಡುಗಳೂ ಇದ್ದವು. ಆ ಸೆರಗು ಯಾರದೆಂಬುದನ್ನು ಮನೆಯ ಹಿರಿಯರು ತಡವರಿಸದೆ ಹೇಳಿದರು. ಮಗುಚಿ ನೋಡಿದಾಗ ಹಿಂಬದಿಯ ಹೊಲಿಗೆಯೂ ಅಷ್ಟೇ ನೇರವಾಗಿತ್ತು.

ಅನಂತರ ನಾವು ನೋಡಿದ ಒಂದು ಕಿರುಕೌದಿಯು ಗಾಜಿನ ಚೌಕಟ್ಟಿನಲ್ಲಿತ್ತು. ಅದರ ವರ್ಣಯೋಜನೆಯು ನಿಜವಾಗಿಯೂ ಮೆಚ್ಚತಕ್ಕದ್ದು: ಖಣದ ತ್ರಿಕೋಣಗಳು ಗುಡ್ಡಗಳಾಗಿ, ನೀಲಿಯ ಒಂದು ಪಟ್ಟಿಯು ಕೃಷ್ಣಾ ನದಿಯಾಗಿ ತೋರುತ್ತಿದ್ದವು. ಆದರೆ ಚೂರುಗಳೆಲ್ಲ ಹೊಸ ಬಟ್ಟೆಯವು. ಅವುಗಳನ್ನು ಅಂಟಿನಿಂದ ಕೂಡಿಸಿ, ಹೊಲಿಗೆಯನ್ನು ಮೇಲೆ ತೋರಿಕೆಗೆ ಮಾತ್ರ ಹಾಯಿಸಲಾಗಿತ್ತು. ಹಿಂಬದಿಯನ್ನು ರಟ್ಟು ಮುಚ್ಚಿತ್ತು. ಹೊಲಿದವಳ ಹೆಸರು ಎಲ್ಲಿಯೂ ಇರಲಿಲ್ಲ.

ಕಲಾವಸ್ತುವು ಚಳಿ ಕಳೆಯಬೇಕಾಗಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಇದು ನಮಗೂ ಒಪ್ಪಿಗೆಯೇ. ಹಳ್ಳಿಯಿಂದ ಹಳ್ಳಿಗೆ ತಿರುಗಿ ಪರರ ಬಟ್ಟೆಯನ್ನು ಕೂಲಿಗೆ ಹೊಲಿಯುತ್ತಿದ್ದ ಹೆಂಗಸಿಗೆ ತನ್ನ ಮನಸ್ಸಿನ ಚಿತ್ರವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಿರುಕೌದಿಯು ಒದಗಿಸಬಲ್ಲದು. ಇದು ಅಲ್ಪ ಲಾಭವಲ್ಲ. ನಮ್ಮ ಆಕ್ಷೇಪವು ಹೊಲಿಗೆಯು ಕೆಲಸವಿಲ್ಲದೆ ನಿಂತಿರುವುದರ ಬಗ್ಗೆ ಮಾತ್ರ. ಈ ನಾಡಿನ ಕಸೂತಿಯಲ್ಲಿ ಗಂಟು ಹಾಕದೆ ಹೊಲಿಯುವ ಗವಂತಿಯು ಎರಡೂ ಬದಿಗಳಲ್ಲಿ ಒಂದೇ ತೆರನಾಗಿ ಕಾಣುತ್ತದೆ. ಬೆನ್ನನ್ನು ಪರೀಕ್ಷಿಸುವ ಈ ಒರೆಗಲ್ಲು ನಮ್ಮ ಪರಂಪರೆಯದೇ ಆಗಿದೆ.

ಬಂಗಾಲದ ಕಾಂಥಾ ಕುರಿತು ಸ್ಟೆಲ್ಲಾ ಕ್ರಾಮ್ರಿಷ್ ಅವರು 1939ರಲ್ಲಿಯೇ ಪ್ರಬಂಧ ಬರೆದರು. ಉತ್ತರ ಕನ್ನಡದ ಸಿದ್ದಿಯರ ಕೌದಿಗಳನ್ನು ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರು ಅಭ್ಯಸಿಸಿದ್ದಾರೆ. ನಮ್ಮ ಐದು ತಾಲೂಕುಗಳ ಕೌದಿಗಳಿಗೂ ಅಂಥ ಅಭ್ಯಾಸವು ಸಲ್ಲಬೇಕಾಗಿದೆ. ಶಾಸನದಲ್ಲಿ ಬರೆದವನ ಹೆಸರನ್ನೂ ಕಾಲವನ್ನೂ ಹುಡುಕುವ ನಾವು, ಸೂಜಿ ಹಿಡಿದವಳ ಹೆಸರನ್ನು ಕೇಳದಿರುವುದು ನ್ಯಾಯವಲ್ಲ. ಆದುದರಿಂದ ಕಿರುಕೌದಿಯ ಬೆನ್ನು ತೆರೆದಿರಲಿ. ಅದರ ಮೇಲೆ ಹೊಲಿದವಳ ಹೆಸರು, ಊರು, ವರ್ಷ, ಬಟ್ಟೆ ಬಂದ ಮೂಲ ಇವು ನೂಲಿನಲ್ಲಿಯೇ ದಾಖಲಾಗಲಿ. ವಿದ್ಯಾರ್ಥಿಗಳು ತಂತಮ್ಮ ಮನೆಯ ಕೌದಿಗಳನ್ನು ಮಗುಚಿ ನೋಡುವುದರಿಂದ ಈ ಕಾರ್ಯವನ್ನು ಆರಂಭಿಸಬಹುದಾಗಿದೆ.