ಸಂಘರ್ಷಕ್ಕೊಂದು ಅಳತೆಗೋಲು

ಹಿಂದೊಮ್ಮೆ ತರುಣ ಲೇಖಕರೊಬ್ಬರ ಕಥಾಸಂಕಲನವನ್ನು ವಿಮರ್ಶಿಸುತ್ತ, “ಈ ಕಥೆಗಳಲ್ಲಿ ಸಂಘರ್ಷವಿಲ್ಲ” ಎಂದು ನಾನು ತೀರ್ಪು ಕೊಟ್ಟಿದ್ದೆ. ಸಂಘರ್ಷವೆಂದರೇನೆಂದು ಅವರು ವಿನಯದಿಂದಲೇ ಕಾಗದ ಬರೆದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಗೆ ಗಣಕಯಂತ್ರದ ಪಂಡಿತರು ಕೊಟ್ಟಿರುವ ಉತ್ತರವನ್ನು ಈಚೆಗೆ ಓದಿದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೀಫನ್ ವೇರ್ ಮತ್ತು ಅವರ ಸಂಗಡಿಗರು 2012ರಲ್ಲಿ ಇದಕ್ಕೆ ನಾಲ್ಕು ಅಳತೆಗಳನ್ನು ಸೂಚಿಸಿದರು. ಕಥೆಯ ಪಾತ್ರಕ್ಕೊಂದು ಗುರಿ, ಗುರಿಗೊಂದು ಹಂಚಿಕೆ ಇರುತ್ತದೆ. ಒಬ್ಬರ ಹಂಚಿಕೆ ಮತ್ತೊಬ್ಬರದಕ್ಕೆ ಅಡ್ಡ ಬಂದರೆ ಅದು ಸಂಘರ್ಷ. ಎದುರಾಳಿಗಳ ಗೆಲುವಿನ ಸಾಧ್ಯತೆ ಎಷ್ಟು ಸರಿಸಮ, ಅವರು ಪರಸ್ಪರ ಎಷ್ಟು ಸಮೀಪ, ಪಣಕ್ಕಿಟ್ಟದ್ದು ಎಷ್ಟು ದೊಡ್ಡದು, ಕೊನೆಗೆ ಯಾರಿಗೆ ಎಷ್ಟು ಲಾಭ ಅಥವಾ ನಷ್ಟ—ಇವೇ ಆ ನಾಲ್ಕು. ಒಂದೇ ಮನಸ್ಸಿನೊಳಗಿನ ತಾಕಲಾಟಕ್ಕೂ ಈ ಮಾದರಿಯಲ್ಲಿ ಎಡೆಯುಂಟು. ನಕ್ಕು ತಳ್ಳಿಹಾಕುವ ಮಾತಲ್ಲ. ನಮ್ಮಲ್ಲಿ ಎಷ್ಟು ಮಂದಿ ವಿಮರ್ಶಕರು ಇಷ್ಟು ಬಿಡಿಸಿ ಹೇಳಿದ್ದೇವೆ?

ಆದರೂ ಪರೀಕ್ಷೆಗೆಂದು ನಾವೆಲ್ಲ ಬಲ್ಲ ಪುಣ್ಯಕೋಟಿಯ ಕಥೆಯನ್ನು ಈ ಅಳತೆಗೆ ಒಡ್ಡಿ ನೋಡಿದೆ. ಹುಲಿ ಅಡ್ಡಗಟ್ಟಿದಾಗ ಪಣ ಪ್ರಾಣವೇ, ಸಾಮೀಪ್ಯ ಮುಖಾಮುಖಿ, ಬಲ ಮಾತ್ರ ಸಮವಲ್ಲ. ದೊಡ್ಡಿಯಲ್ಲಿ ಕರುವಿನ ಮೋಹ ಒಂದು ಕಡೆಗೆ, ಕೊಟ್ಟ ಮಾತು ಇನ್ನೊಂದು ಕಡೆಗೆ ಎಳೆಯುತ್ತದೆ. ಇಲ್ಲಿಯವರೆಗೆ ಲೆಕ್ಕ ಸರಿ. ಆಮೇಲೆ ಹಸು ತಾನಾಗಿ ಹಿಂದಿರುಗಿ ಬಂದು ನಿಲ್ಲುತ್ತದೆ. ಹುಲಿಗೆ ತಿನ್ನಬೇಕು, ಹಸುವಿಗೆ ತನ್ನನ್ನು ಒಪ್ಪಿಸಿಕೊಳ್ಳಬೇಕು. ಇಬ್ಬರ ಹಂಚಿಕೆಯೂ ಒಂದೇ. ಅವರ ನಡುವೆ ಅಡ್ಡಿಯೆಂಬುದೇ ಇಲ್ಲ. ಅಳತೆಗೋಲು ಸೊನ್ನೆ ತೋರಿಸಬೇಕು. ಕೇಳುವವರ ಗಂಟಲು ಬಿಗಿಯುವುದು ಅಲ್ಲಿಯೇ! ಯಾರೂ ತಡೆಯದಿದ್ದಾಗ ಹುಲಿ ಸೋಲುತ್ತದೆ. ಅದರ ಗುರಿ ಬದಲಾಯಿತೆಂದು ಯಂತ್ರಕ್ಕೆ ನಾವು ಹೇಳಿಕೊಡಬಹುದು. ಏಕೆ ಬದಲಾಯಿತೆಂಬುದಕ್ಕೆ ಇಡೀ ಕಥೆ ಬೇಕಾಗುತ್ತದೆ.

ಇದಾದ ಮೇಲೆ ಆ ತರುಣರ ಸಂಕಲನವನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಅದರಲ್ಲೊಂದು ಕಥೆಯಿದೆ: ಆಸ್ತಿಯ ಪಾಲಿಗೆಂದು ಬಂದ ತಮ್ಮನಿಗೆ ಅಣ್ಣ ಕೇಳಿದ್ದಕ್ಕಿಂತ ಹೆಚ್ಚು ಬಿಟ್ಟುಕೊಡುತ್ತಾನೆ, ತಮ್ಮ ಕಾಗದಕ್ಕೆ ರುಜು ಹಾಕಲಾರದೆ ಕೂತುಬಿಡುತ್ತಾನೆ. ಜಗಳವಿಲ್ಲವೆಂದು ನಾನು ಅದನ್ನು ಸಪ್ಪೆಯೆಂದಿದ್ದೆ. ಯಂತ್ರದ ಅಳತೆಗೋಲೇ ನನ್ನ ಕೈಯಲ್ಲಿಯೂ ಇತ್ತು. ಯಂತ್ರದವರು ತಮ್ಮ ಲೆಕ್ಕವನ್ನು ತೋರಿಸುತ್ತಾರೆ, ನಾನು ತೋರಿಸಿರಲಿಲ್ಲ, ಅಷ್ಟೆ.

ಅವರ ಕಾಗದಕ್ಕೆ ತಡವಾಗಿಯಾದರೂ ಇದೇ ನನ್ನ ಉತ್ತರ.