ಕಾರ್ಖಾನೆಯ ಹಾಡು, ಕೇಳುವವರ ಕಿವಿ

ಆರೇಳು ವರ್ಷಗಳ ಹಿಂದೆ ಮೈಸೂರಿನ ಅಕ್ಕನ ಮನೆಯಲ್ಲಿ ಕೂತು ನಾನೊಂದು ಸಣ್ಣ ಭಾಷಣ ಬಿಗಿದಿದ್ದೆ. ಅಕ್ಕನ ಮಗಳು ಆಗ ಪಿಯುಸಿ. ಕೋಣೆಯ ಗೋಡೆಗೆ ಏಳು ಜನ ಕೊರಿಯನ್ ಹುಡುಗರ ಚಿತ್ರ ಅಂಟಿಸಿಕೊಂಡಿದ್ದಳು. ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕೊರಿಯನ್ ಅಕ್ಷರ ತಿದ್ದುತ್ತಿದ್ದಳು. ಇದೆಲ್ಲ ಕಂಪನಿಗಳು ಅಚ್ಚು ಹಾಕಿ ತೆಗೆದ ಸಂಗೀತ, ಆ ಹುಡುಗರು ಕೀಲಿ ಕೊಟ್ಟರೆ ಕುಣಿಯುವ ಬೊಂಬೆಗಳು ಎಂದೆಲ್ಲ ನಾನು ಹೇಳುತ್ತಾ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡು, "ಮಾಮ, ನೀನು ಅವರದ್ದು ಎಷ್ಟು ಹಾಡು ಕೇಳಿದ್ದೀಯ?" ಎಂದಳು.

ಒಂದೂ ಕೇಳಿರಲಿಲ್ಲ. 2012ರಲ್ಲಿ ಎಲ್ಲರ ಹಾಗೆ ಸೈ ಎಂಬಾತನ 'ಗಂಗ್ನಮ್ ಸ್ಟೈಲ್' ನೋಡಿ ನಕ್ಕಿದ್ದೆ, ಅಷ್ಟೇ. ಆ ಭಾಷಣದ ಸರಕನ್ನೆಲ್ಲ ನಾನು ಇಂಗ್ಲಿಷ್ ಪತ್ರಿಕೆಗಳಿಂದ ಎರವಲು ತಂದಿದ್ದೆ. ಸಿಯೋಲ್ ಬಗ್ಗೆ ನನಗಿದ್ದ ಅಭಿಪ್ರಾಯ ನ್ಯೂಯಾರ್ಕಿನಲ್ಲಿ ತಯಾರಾದದ್ದು. ಅವಳ ಪ್ರಶ್ನೆ ಚುಚ್ಚಿತು. ಮುಂದೆ ನಿಧಾನಕ್ಕೆ ಕೇಳತೊಡಗಿದೆ, ಜೊತೆಗೆ ಅದರ ಬಗ್ಗೆ ಬರೆದದ್ದನ್ನೂ ಮತ್ತೆ ಓದತೊಡಗಿದೆ. ಈ ಬರಹ ಆ ಎರಡರ ಬಗ್ಗೆಯೂ.

ಓದಿದ್ದರಿಂದಲೇ ಶುರುಮಾಡುತ್ತೇನೆ. 2006ರಲ್ಲಿ ರೇನ್ ಎಂಬ ಕೊರಿಯನ್ ಗಾಯಕ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡಿದ. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕರಿಗೆ ಅದು ಹಳೆಯ ಎಂಟಿವಿ ವಿಡಿಯೋಗಳನ್ನು ಕೊರಿಯನ್‌ಗೆ ಡಬ್ ಮಾಡಿದ ಹಾಗೆ ಕಂಡಿತು. ಆರು ವರ್ಷದ ನಂತರ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಜಾನ್ ಸೀಬ್ರೂಕ್ ಒಂದು ದೀರ್ಘ ಲೇಖನ ಬರೆದರು. ತಲೆಬರಹದಲ್ಲೇ 'ಕಾರ್ಖಾನೆ' ಇತ್ತು. ಎಸ್.ಎಂ. ಎಂಟರ್‌ಟೇನ್‌ಮೆಂಟ್ ಸ್ಥಾಪಕ ಲೀ ಸೂ-ಮಾನ್ ತನ್ನ ವಿಧಾನವನ್ನು 'ಸಂಸ್ಕೃತಿ ತಂತ್ರಜ್ಞಾನ' ಎಂದು ಕರೆಯುತ್ತಾನೆ, ಯಾವ ದೇಶದಲ್ಲಿ ಯಾವ ಸ್ವರಮೇಳ, ಕಣ್ಣಿಗೆ ಯಾವ ಬಣ್ಣ ಎಂಬುದಕ್ಕೆಲ್ಲ ಅವನ ಕಂಪನಿಯಲ್ಲಿ ಕೈಪಿಡಿಯಿದೆ ಎಂಬ ವಿವರಗಳು ಅದರಲ್ಲಿವೆ. ಲೇಖನ ಚೆನ್ನಾಗಿದೆ, ಇವತ್ತಿಗೂ ಓದಬಹುದು. ಆದರೆ ನನ್ನಂಥ ಸಾವಿರಾರು ಜನ ಅದರಿಂದ ಎತ್ತಿಕೊಂಡದ್ದು 'ಕಾರ್ಖಾನೆ' ಎಂಬ ಒಂದೇ ಪದವನ್ನು.

ಹಾಡಿನ ಕಾರ್ಖಾನೆ ಕಟ್ಟಿದವರಲ್ಲಿ ಕೊರಿಯನ್ನರು ಮೊದಲಿಗರಲ್ಲ. ಬೆರ್ರಿ ಗಾರ್ಡಿ ಡೆಟ್ರಾಯಿಟ್‌ನ ಫೋರ್ಡ್ ಕಂಪನಿಯಲ್ಲಿ ಲಿಂಕನ್-ಮರ್ಕ್ಯುರಿ ಕಾರು ಜೋಡಿಸುವ ಸಾಲಿನಲ್ಲಿ ಕೆಲಸ ಮಾಡಿದವನು. ಒಂದು ಬಾಗಿಲಲ್ಲಿ ಬರಿಯ ಚೌಕಟ್ಟು ಬಂದು ಇನ್ನೊಂದು ಬಾಗಿಲಲ್ಲಿ ಹೊಚ್ಚ ಹೊಸ ಕಾರು ಹೊರಡುವುದನ್ನು ನೋಡಿ, ಹಾಡುಗಾರರನ್ನೂ ಹೀಗೆ ತಯಾರಿಸಬಹುದಲ್ಲ ಎಂದುಕೊಂಡು 1959ರಲ್ಲಿ ಮೋಟೌನ್ ಶುರುಮಾಡಿದ. ಹೇಗೆ ನಡೆಯಬೇಕು, ಹೇಗೆ ಕೂರಬೇಕು ಎಂದು ಹುಡುಗಿಯರಿಗೆ ಕಲಿಸಲು ಅಲ್ಲಿ ಮ್ಯಾಕ್ಸಿನ್ ಪೊವೆಲ್ ಇದ್ದರು, ಹೆಜ್ಜೆ ಕಲಿಸಲು ಚೋಲಿ ಆಟ್ಕಿನ್ಸ್. ವಾದ್ಯ ನುಡಿಸಿದವರ ಹೆಸರು ಎಷ್ಟೋ ವರ್ಷ ತಟ್ಟೆಗಳ ಮೇಲೆ ಅಚ್ಚಾಗಲಿಲ್ಲ. 90ರ ದಶಕದಲ್ಲಿ ಲೂ ಪರ್ಲ್‌ಮನ್ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಮತ್ತು ಎನ್‌ಸಿಂಕ್ ಹುಡುಗರನ್ನು ಆರಿಸಿ, ಪಳಗಿಸಿ, ಅವರ ದುಡಿಮೆಯಲ್ಲಿ ಸಿಂಹಪಾಲು ತಾನು ನುಂಗಿದ. ಕೊನೆಗೆ ಬೇರೆ ವಂಚನೆ ಪ್ರಕರಣದಲ್ಲಿ ಜೈಲು ಸೇರಿ ಅಲ್ಲೇ ಸತ್ತ. ಮೋಟೌನ್‌ಗೆ ಇಂದು ಮ್ಯೂಸಿಯಂ ಇದೆ, ಪರ್ಲ್‌ಮನ್ ಒಬ್ಬ ಕೆಟ್ಟ ಮನುಷ್ಯ ಮಾತ್ರ. ಅಮೆರಿಕದಲ್ಲಿ ನಡೆದರೆ ಒಬ್ಬನ ಪ್ರತಿಭೆ ಇಲ್ಲವೇ ಒಬ್ಬನ ದುರುಳತನ, ಕೊರಿಯಾದಲ್ಲಿ ನಡೆದರೆ ಇಡೀ ಜನಾಂಗದ ಸ್ವಭಾವ! ಈ ತಾರತಮ್ಯ ಕಣ್ಣಿಗೆ ಬಿದ್ದ ದಿನ ನನ್ನ ಹಳೆಯ ಭಾಷಣದ ಬಗ್ಗೆ ನಾಚಿಕೆಯಾಯಿತು.

ಹಾಗಂತ ಕಾರ್ಖಾನೆ ಇಲ್ಲ ಎನ್ನಲಾಗುವುದಿಲ್ಲ. ಇದೆ, ಮತ್ತು ಕೆಲವು ವಿಷಯಗಳಲ್ಲಿ ಹೊರಗಿನವರು ಬರೆದದ್ದಕ್ಕಿಂತ ಕಠಿಣವಾಗಿದೆ.

ಹನ್ನೊಂದು ಹನ್ನೆರಡರ ಮಕ್ಕಳು ಆಡಿಷನ್‌ನಲ್ಲಿ ಆಯ್ಕೆಯಾಗಿ 'ಟ್ರೇನಿ'ಗಳಾಗುತ್ತಾರೆ. ಶಾಲೆ ಮುಗಿದ ಮೇಲೆ ರಾತ್ರಿಯವರೆಗೆ ಹಾಡು, ಕುಣಿತ, ಪರಭಾಷೆ. ಆಗಾಗ ಪರೀಕ್ಷೆ. ತೂಕಕ್ಕೂ ಲೆಕ್ಕ. ತಂಡವಾಗಿ ರಂಗಕ್ಕೆ ಬರುವುದು ಕೆಲವರಿಗೆ ಎರಡು ವರ್ಷಕ್ಕೆ, ಕೆಲವರಿಗೆ ಏಳೆಂಟು ವರ್ಷಕ್ಕೆ, ಹೆಚ್ಚಿನವರಿಗೆ ಎಂದೂ ಇಲ್ಲ. ಬಂದ ಮೇಲೂ, ತರಬೇತಿ, ವಸತಿ, ವಿಡಿಯೋಗಳಿಗೆ ಕಂಪನಿ ಹಾಕಿದ ದುಡ್ಡು ತೀರುವವರೆಗೆ ಕೈಗೆ ಕಾಸು ಬಾರದ ಏರ್ಪಾಡು ಎಷ್ಟೋ ಸಣ್ಣ ಏಜೆನ್ಸಿಗಳಲ್ಲಿದೆ. ನಡುವೆ ಬಿಟ್ಟು ಹೋಗುವ ಟ್ರೇನಿ, ಕಂಪನಿ ಖರ್ಚು ಮಾಡಿದ್ದರ ಎರಡು ಮೂರು ಪಟ್ಟು ದಂಡ ಕಟ್ಟಬೇಕೆಂಬ ಷರತ್ತುಗಳೂ ಇದ್ದವು. 2017ರಲ್ಲಿ ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ಅವನ್ನು ತಿದ್ದಿಸಿತು. ಅದಕ್ಕೂ ಮೊದಲು, 2009ರಲ್ಲಿ, ಟಿವಿಎಕ್ಸ್‌ಕ್ಯೂ ತಂಡದ ಮೂವರು ತಮ್ಮ ಹದಿಮೂರು ವರ್ಷದ ಕರಾರಿನ ವಿರುದ್ಧ ಕೋರ್ಟಿಗೆ ಹೋಗಿದ್ದರು. ಅದೇ ವರ್ಷ ಆಯೋಗ ಮಾದರಿ ಕರಾರೊಂದನ್ನು ರೂಪಿಸಿ ಏಳು ವರ್ಷದ ಮಿತಿ ಹಾಕಿತು. ಏಳನೆಯ ವರ್ಷಕ್ಕೆ ತಂಡಗಳು ಒಡೆಯುವುದನ್ನು ಅಭಿಮಾನಿಗಳು ಶಾಪ ಎನ್ನುತ್ತಾರೆ. ಆ ಶಾಪ ಅಸಲಿಗೆ ಮೂವರು ಹುಡುಗರು ಹೋರಾಡಿ ಗಳಿಸಿಕೊಟ್ಟ ವರ. ಆ ಮೂವರಿಗೆ ಮಾತ್ರ ಮುಂದೆ ಟಿವಿ ವಾಹಿನಿಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಹಾಗೆ ಯಾರನ್ನೂ ಹೊರಗಿಡಬಾರದೆಂದು ಪ್ರಸಾರ ಕಾನೂನಿಗೆ 2015ರಲ್ಲಿ ತಿದ್ದುಪಡಿ ತರಬೇಕಾಯಿತು.

ಈ ಹೋರಾಟಗಳು ನಡೆದದ್ದು ಕೊರಿಯಾದೊಳಗೆ, ಕೊರಿಯನ್ ಭಾಷೆಯಲ್ಲಿ, ಅಲ್ಲಿನ ಗಾಯಕರು, ವಕೀಲರು, ಪತ್ರಕರ್ತರಿಂದ. ಹೊರಗಿನ ಬರಹಗಳಲ್ಲಿ ಇವು ಹೆಚ್ಚೆಂದರೆ ಒಂದು ಪ್ಯಾರಾ. ಬೊಂಬೆ ಎಂದು ಮೊದಲೇ ತೀರ್ಮಾನವಾದ ಮೇಲೆ ಅದು ಕೋರ್ಟಿಗೆ ಹೋಯಿತೆಂದರೆ ಕಥೆ ಕೆಡುತ್ತದಲ್ಲ.

ಇನ್ನು ಹಾಡು. ಗರ್ಲ್ಸ್ ಜನರೇಷನ್ ತಂಡದ 2013ರ 'ಐ ಗಾಟ್ ಎ ಬಾಯ್' ಮೊದಲ ಸಲ ಕೇಳಿದಾಗ ನಾಲ್ಕು ಹಾಡುಗಳನ್ನು ಕತ್ತರಿಸಿ ಹೊಲಿದ ಹಾಗಿತ್ತು. ಲಯ ಇದ್ದಕ್ಕಿದ್ದಂತೆ ಓಡುತ್ತದೆ, ಮತ್ತೆ ಕುಂಟುತ್ತದೆ. ಮೂರನೆಯ ಸಲ ಆ ಹೊಲಿಗೆಯೇ ಹಿಡಿಸಿತು. ಒಂಬತ್ತು ಹುಡುಗಿಯರು ಒಂದೇ ಕೋಣೆಯಲ್ಲಿ ಒಬ್ಬರ ಮಾತನ್ನೊಬ್ಬರು ತಡೆದು ಹರಟುವುದನ್ನು ಕೇಳಿದಂತೆ. ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂಬ ನೆಮ್ಮದಿಯನ್ನು ಅದು ಕೊಡುವುದಿಲ್ಲ. ಸ್ವಾರಸ್ಯವೆಂದರೆ ಅದನ್ನು ಬರೆದವರಲ್ಲಿ ನಾರ್ವೆಯವರಿದ್ದಾರೆ. 1998ರಲ್ಲಿ ಎಸ್.ಇ.ಎಸ್. ತಂಡದ ಜನಪ್ರಿಯ ಹಾಡೊಂದು ಫಿನ್‌ಲೆಂಡಿನಿಂದ ಬಂದದ್ದು. ಡಬ್ ಮಾಡಿದ ಎಂಟಿವಿ ಎಂಬ ಮಾತು ಇಲ್ಲೇ ಸೋಲುತ್ತದೆ. ಯುರೋಪಿನವರು ತಮ್ಮೂರಿನಲ್ಲಿ ಮಾಡಲಾಗದ ಹುಚ್ಚಾಟಗಳನ್ನು ಸಿಯೋಲ್‌ಗೆ ಬಂದು ಮಾಡುತ್ತಿದ್ದಾರೆಂದರೆ ಅನುಕರಣೆ ಯಾರದು?

ಎಲ್ಲ ಹಾಡೂ ಹೀಗಿಲ್ಲ. ಬಹಳಷ್ಟು ಸಪ್ಪೆ. ಇತ್ತೀಚಿನ ಎಷ್ಟೋ ಹಾಡುಗಳು ಫೋನಿನಲ್ಲಿ ಹದಿನೈದು ಸೆಕೆಂಡು ಕುಣಿಯಲೆಂದೇ ಕತ್ತರಿಸಿಟ್ಟ ಹಾಗಿವೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅಭ್ಯಾಸದ ವಿಡಿಯೋಗಳು. ಕನ್ನಡಿಯ ಗೋಡೆ, ಬೋಳು ನೆಲ, ಅಲ್ಲಾಡದ ಕ್ಯಾಮೆರಾ, ಹಳೆಯ ಟೀ ಶರ್ಟಿನ ಹುಡುಗರು. ಉಸಿರು ಏದುತ್ತಿರುವುದು ಕಾಣುತ್ತದೆ, ಬೂಟು ಜಾರುವ ಸದ್ದು ಕೇಳುತ್ತದೆ. ಕಂಪನಿಗಳು ಇದನ್ನು ತಾವೇ ಬಿಡುಗಡೆ ಮಾಡುತ್ತವೆ. ಪಾಶ್ಚಾತ್ಯ ವಿಮರ್ಶಕರು, ನಾನೂ, ಈ ಉದ್ಯಮ ಮನುಷ್ಯರನ್ನು ಮರೆಮಾಡಿ ಯಂತ್ರ ತೋರಿಸುತ್ತದೆ ಅಂದುಕೊಂಡಿದ್ದೆವು. ನಡೆಯುತ್ತಿರುವುದು ತಿರುಗಮುರುಗ. ಬೆವರು, ಗಾಯ, ಟ್ರೇನಿ ದಿನಗಳ ಅಳು, ರಾತ್ರಿ ಒಂದು ಗಂಟೆಗೆ ನೂಡಲ್ಸ್ ತಿನ್ನುತ್ತಾ ಕಳಿಸಿದ ಸಂದೇಶ ಎಲ್ಲವೂ ಸರಕೇ. ಅಭಿಮಾನಿ ತಿಂಗಳ ಚಂದಾ ಕಟ್ಟಿದರೆ ತನ್ನ ಇಷ್ಟದ ಐಡಲ್‌ನಿಂದ ಫೋನಿಗೆ ಮೆಸೇಜು ಬರುವ ಆ್ಯಪ್‌ಗಳಿವೆ. ಸಿ.ಡಿ. ಸತ್ತುಹೋಗಿದೆ ಎನ್ನುವ ಕಾಲದಲ್ಲಿ, 2023ರಲ್ಲಿ, ಕೊರಿಯನ್ ಆಲ್ಬಮ್‌ಗಳ ಮಾರಾಟ 10 ಕೋಟಿ ದಾಟಿದ್ದು ಹಾಡು ಕೇಳುವುದಕ್ಕಲ್ಲ. ಒಳಗೆ ಯಾರ ಫೋಟೋ ಕಾರ್ಡು ಬಂದೀತು ಎಂದು ಗೊತ್ತಿಲ್ಲದ್ದರಿಂದ ಬೇಕಾದದ್ದು ಸಿಗುವವರೆಗೆ ಕೊಳ್ಳುತ್ತಾರೆ. ಅಕ್ಕನ ಮಗಳ ಹತ್ತಿರ ಒಂದೇ ಆಲ್ಬಮ್ಮಿನ ಮೂರು ಪ್ರತಿಗಳಿವೆ, ಸಿ.ಡಿ. ಹಾಕುವ ಯಂತ್ರ ಮನೆಯಲ್ಲಿಲ್ಲ.

ಇಷ್ಟು ಕೊಟ್ಟ ಮೇಲೆ ಅಭಿಮಾನಿ ಒಡೆತನ ಕೇಳುತ್ತಾನೆ. 2024ರಲ್ಲಿ ಏಸ್ಪಾ ತಂಡದ ಕರೀನಾ ಒಬ್ಬ ನಟನನ್ನು ಪ್ರೀತಿಸುತ್ತಿರುವ ಸುದ್ದಿ ಹೊರಬಿದ್ದಾಗ, ಕಂಪನಿಯ ಕಟ್ಟಡದೆದುರು ದೂರಿನ ಬರಹ ಹೊತ್ತ ಲಾರಿ ಬಂದು ನಿಂತಿತು. ಆಕೆ ಕೈಬರಹದಲ್ಲಿ ಕ್ಷಮೆ ಕೋರಿದಳು. ಇಪ್ಪತ್ಮೂರು ವರ್ಷದ ಹೆಣ್ಣುಮಗಳು, ಪ್ರೀತಿಸಿದ್ದಕ್ಕೆ.

ಪಶ್ಚಿಮ ಇದನ್ನೆಲ್ಲ ಬರಮಾಡಿಕೊಂಡ ರೀತಿ ಬೇರೊಂದು ಪ್ರಹಸನ. 2018ರಲ್ಲಿ ಬಿಟಿಎಸ್ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಆದರೂ ರೇಡಿಯೋಗಳು ಕೊರಿಯನ್ ಹಾಡು ನುಡಿಸಲು ಹಿಂದೆಗೆದವು. 2019ರಲ್ಲಿ ಎಂಟಿವಿ ತನ್ನ ಪ್ರಶಸ್ತಿಗಳಲ್ಲಿ ಕೆ-ಪಾಪ್‌ಗೆಂದೇ ಹೊಸ ವಿಭಾಗ ತೆರೆಯಿತು. ಪಂಕ್ತಿಯಿಂದ ಎಬ್ಬಿಸಿ ಹಿತ್ತಲಲ್ಲಿ ಬೇರೆ ಎಲೆ ಹಾಕಿದ ಹಾಗೆ. ಹಾಡುಗಳ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ಸಿಕ್ಕಿದ್ದು 2020ರಲ್ಲಿ, ಪೂರ್ತಿ ಇಂಗ್ಲಿಷಿನ 'ಡೈನಮೈಟ್' ಹಾಡಿದಾಗ. ಬರೆದವರು ಇಬ್ಬರು ಬ್ರಿಟಿಷರು. ಮರುವರ್ಷ ಬಿಲ್‌ಬೋರ್ಡ್ ಪತ್ರಿಕೆಯೇ, ಅಭಿಮಾನಿಗಳು ಸಗಟು ಖರೀದಿಯಿಂದ ಪಟ್ಟಿಯನ್ನು ತಿರುಚುತ್ತಿಲ್ಲವೇ ಎಂದು ತಂಡವನ್ನು ಕೇಳಿತು. ಹಾಗನ್ನಿಸಿದರೆ ನಿಯಮ ಬದಲಿಸುವುದು ನಿಮ್ಮ ಕೈಯಲ್ಲೇ ಇದೆ ಎಂಬರ್ಥದ ಉತ್ತರ ಕೊಟ್ಟವನು ತಂಡದ ನಾಯಕ ಆರ್‌ಎಂ.

ಈ ಆರ್‌ಎಂ ಇನ್ನೆರಡು ಕಡೆ ಆಡಿದ ಮಾತುಗಳು ನನ್ನನ್ನು ಬಹಳ ದಿನ ಕಾಡಿವೆ. 2022ರ ಜೂನ್‌ನಲ್ಲಿ ತಂಡ ಬಿಡುವು ತೆಗೆದುಕೊಳ್ಳುವುದಾಗಿ ಹೇಳುವಾಗ ಅವನು, ಈ ಐಡಲ್ ವ್ಯವಸ್ಥೆ ಮನುಷ್ಯನಿಗೆ ಬೆಳೆಯಲು ಸಮಯವನ್ನೇ ಕೊಡುವುದಿಲ್ಲ ಎಂದ. ಮರುದಿನ ಕಂಪನಿಯ ಷೇರು ಕಾಲು ಭಾಗದಷ್ಟು ಕುಸಿಯಿತು. ಮುಂದಿನ ವರ್ಷ ಸ್ಪೇನಿನ ಎಲ್ ಪಾಯಿಸ್ ಪತ್ರಿಕೆಯವರು ಅತಿದುಡಿಮೆ, ಪರಿಪೂರ್ಣತೆಯ ಗೀಳಿನ ಬಗ್ಗೆ ಕೇಳಿದಾಗ ಸಿಡುಕಿದ. ದಾಳಿಗೆ ಸಿಕ್ಕು, ಹಾಳಾಗಿ, ಎರಡು ತುಂಡಾದ ದೇಶ ನಮ್ಮದು, ಎಪ್ಪತ್ತು ವರ್ಷದ ಹಿಂದೆ ಏನೂ ಇರಲಿಲ್ಲ, ದುಡಿದೇ ಮೇಲೆ ಬಂದೆವು. ಶತಮಾನಗಳ ಕಾಲ ವಸಾಹತು ಆಳಿದ ದೇಶಗಳಲ್ಲಿ ಕೂತು ನಮ್ಮ ಒತ್ತಡದ ಬಗ್ಗೆ ಮರುಗಬೇಡಿ, ಎಂಬುದು ಅವನ ಮಾತಿನ ಸಾರ.

ಓದಿ ಮೊದಲು ಚಪ್ಪಾಳೆ ತಟ್ಟಬೇಕೆನ್ನಿಸಿತು. ನಾವೂ ಅಂಥದ್ದೇ ಚರಿತ್ರೆಯವರು, ಬಿಳಿಯರಿಗೆ ಯಾರಾದರೂ ಎದುರುತ್ತರ ಕೊಟ್ಟರೆ ನಮಗೆ ಹಿತ. ಆಮೇಲೆ ಅನುಮಾನ ಶುರುವಾಯಿತು. ಪ್ರಶ್ನೆ ಕೇಳಿದವರಿಗೆ ಅದು ಸರಿಯಾದ ಉತ್ತರವೇ. ಆದರೆ ಅದೇ ಪ್ರಶ್ನೆಯನ್ನು ಐದು ವರ್ಷ ಅಭ್ಯಾಸ ಮಾಡಿ ಹೊರಬಿದ್ದ ಹದಿನಾರರ ಟ್ರೇನಿ ಹುಡುಗಿ ಕೇಳಿದ್ದರೆ? ಅವಳಿಗೆ ದೇಶದ ಚರಿತ್ರೆ ಹೇಳುತ್ತೀರಾ? 2022ರ ಆರ್‌ಎಂ ಅವಳ ಪರ ಮಾತಾಡಿದ್ದ, 2023ರ ಆರ್‌ಎಂ ದೇಶದ ಪರ. ಹೊರಗಿನವನು ಸಸಾರ ಮಾಡಿದಾಗ ಒಳಗಿನವನು ತನ್ನ ಮನೆಯ ತಪ್ಪನ್ನೂ ಎದೆಗವಚಿಕೊಳ್ಳುತ್ತಾನೆ. ಪಾಶ್ಚಾತ್ಯ ಮರುಕ ಮಾಡಿದ ದೊಡ್ಡ ಹಾನಿ ಇದೇ ಇರಬೇಕು.

ಒಳಗಿನ ಪ್ರಶ್ನೆಯನ್ನು ನೇರವಾಗಿ ಎತ್ತಿದವಳು ನ್ಯೂಜೀನ್ಸ್ ತಂಡದ ಹ್ಯಾನಿ. ಮೆಲ್ಬೋರ್ನ್‌ನಲ್ಲಿ ಹುಟ್ಟಿದ ವಿಯೆಟ್ನಾಮಿ ಮೂಲದ ಹುಡುಗಿ. ತನ್ನನ್ನು ಮಾತಾಡಿಸಬೇಡಿ ಎಂದು ಮ್ಯಾನೇಜರ್ ಒಬ್ಬರು ತನ್ನೆದುರಿಗೇ ಇತರರಿಗೆ ಹೇಳಿದರೆಂದು 2024ರ ಅಕ್ಟೋಬರ್‌ನಲ್ಲಿ ಕೊರಿಯಾದ ಸಂಸತ್ತಿನ ಕಾರ್ಮಿಕ ಸಮಿತಿಯ ಮುಂದೆ ದೂರಿದಳು, ಹೇಳುತ್ತಾ ಅತ್ತಳು. ದೂರು ನಿಜವೇ ಎಂಬ ಪ್ರಶ್ನೆಗಿಂತ ಮೊದಲಿನ ಪ್ರಶ್ನೆಯಲ್ಲೇ ಅದು ಬಿದ್ದುಹೋಯಿತು. ನವೆಂಬರ್‌ನಲ್ಲಿ ಕಾರ್ಮಿಕ ಇಲಾಖೆ, ಈಕೆ ಕಾನೂನಿನ ಪ್ರಕಾರ ಕಾರ್ಮಿಕಳೇ ಅಲ್ಲ ಎಂದಿತು. ನಿಗದಿತ ಕೆಲಸದ ವೇಳೆಯಿಲ್ಲ, ಲಾಭ ಹಂಚಿಕೆಯಿದೆ, ಕಟ್ಟುವುದು ವ್ಯಾಪಾರಿ ಆದಾಯದ ತೆರಿಗೆ.

ನಿಗದಿತ ವೇಳೆಯಿಲ್ಲ! ವೇಳೆಗೆ ಮಿತಿಯೇ ಇಲ್ಲದಿರುವುದು ಇಲ್ಲಿ ಕಾರ್ಮಿಕಳಲ್ಲ ಎಂಬುದಕ್ಕೆ ಸಾಕ್ಷಿಯಾಯಿತು. ಎರಡು ದಶಕ ಕಾರ್ಖಾನೆ, ಕಾರ್ಖಾನೆ ಎಂದು ಬರೆದವರು ಇಲ್ಲಿ ಜೋರಾಗಿ ಮಾತಾಡಬೇಕಿತ್ತು. ನಾನು ಓದಿದ ಬಹುಪಾಲು ಇಂಗ್ಲಿಷ್ ಬರಹಗಳು ಕಂಪನಿಯೊಳಗಿನ ಜಗಳದ ರಂಪವನ್ನೇ ಬೆನ್ನಟ್ಟಿದವು.

ಈಗ ಅಚ್ಚು ಅಮೆರಿಕಕ್ಕೂ ಹೋಗಿದೆ. ಬಿಟಿಎಸ್‌ನ ಕಂಪನಿ ಹೈಬ್, ಲಾಸ್ ಏಂಜಲೀಸ್‌ನ ಗೆಫನ್ ಜೊತೆ ಸೇರಿ ಇಪ್ಪತ್ತು ಹುಡುಗಿಯರನ್ನು ಸ್ಪರ್ಧೆಗಿಳಿಸಿ ಆರು ಜನರ ಕ್ಯಾಟ್ಸೈ ತಂಡ ಕಟ್ಟಿತು. ಅದರಲ್ಲಿ ತಮಿಳು ಮೂಲದ ಲಾರಾ ರಾಜ್ ಇದ್ದಾಳೆ. ಆ ತರಬೇತಿಯ ಕುರಿತ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರವನ್ನು ಕಳೆದ ದೀಪಾವಳಿಯಲ್ಲಿ ಅಕ್ಕನ ಮನೆಯಲ್ಲಿ ನೋಡಿದೆವು. ಅಕ್ಕನ ಮಗಳು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ, ರಾತ್ರಿ ಪಾಳಿಯೂ ಇರುತ್ತದೆ. ಒಬ್ಬೊಬ್ಬರನ್ನೇ ಹೊರಹಾಕುವ ಟಿವಿ ಸ್ಪರ್ಧೆ ಇದೆಂದು ಹುಡುಗಿಯರಿಗೆ ತರಬೇತಿಯ ನಡುವೆ ತಿಳಿಯುವ ದೃಶ್ಯ ಬಂತು. ಅವರ ಮುಖಗಳನ್ನು ಕ್ಯಾಮೆರಾ ಬಿಡದೆ ಹಿಡಿಯುತ್ತದೆ. ಅವಳು ರಿಮೋಟ್ ಒತ್ತಿ ನಿಲ್ಲಿಸಿದಳು.

"ಇವರಿಗೆ ಹೇಳದೆ ಸಹಿ ಹಾಕಿಸ್ಕೊಂಡ್ರಾ ಮಾಮ?"

ಕರಾರಿನಲ್ಲಿ ಎಲ್ಲೋ ಇದ್ದಿರಬಹುದು ಎಂದೆ. ನಿನ್ನ ಕೆಲಸದ ಕರಾರು ನೀನು ಪೂರ್ತಿ ಓದಿದ್ದೀಯಾ ಎಂದೂ ಕೇಳಿದೆ. ಇಲ್ಲ ಎಂದು ನಕ್ಕು ಮತ್ತೆ ಪ್ಲೇ ಒತ್ತಿದಳು.